ಮೋಲಿಯೇರನ ಭಾಷಾಪಾಠ ಮತ್ತು ಕನ್ನಡದ ಪದಕ್ರಮ

ಫ್ರೆಂಚ್ ನಾಟಕದೊಂದಿಗೆ ಧಾರವಾಡದ ನಂಟು ಹೊಸದಲ್ಲ. ಇಲ್ಲಿನ ಮನೋಹರ ಗ್ರಂಥಮಾಲೆಯು 1961ರಲ್ಲಿ ಪ್ರಕಟಿಸಿದ 'ಯಯಾತಿ'ಯ ರಚನೆಯು ಅನೂಯಿಯ 'ಆಂತಿಗೊನ್'ಗೆ ಋಣಿಯಾಗಿರುವುದನ್ನು ಗಿರೀಶ ಕಾರ್ನಾಡರೇ ಹೇಳಿಕೊಂಡಿದ್ದಾರೆ. ಮೋಲಿಯೇರನ 'ತಾರ್ತ್ಯೂಫ್' ಎ.ಎನ್. ಮೂರ್ತಿರಾವ್ ಅವರ 'ಆಷಾಢಭೂತಿ'ಯಾಗಿ ಕನ್ನಡಕ್ಕೆ ಬಂದಿತು. ಡಾಂಭಿಕತೆಗೆ ನಮ್ಮಲ್ಲಿ ಹೆಸರು ಸಿದ್ಧವಿತ್ತು. ಆದರೆ ನಗೆಯು ವ್ಯಾಕರಣದಿಂದಲೇ ಹುಟ್ಟುವಾಗ ಅನುವಾದಕನು ಏನು ಮಾಡಬೇಕು? 1670ರಲ್ಲಿ ಶಾಂಬೋರ್‌ನಲ್ಲಿ ಮೊದಲು ಪ್ರದರ್ಶಿತವಾದ 'ಲ ಬೂರ್ಜ್ವಾ ಜಾಂತಿಯೋಮ್' ನಾಟಕದ ಎರಡನೆಯ ಅಂಕದ ಪಾಠದ ದೃಶ್ಯವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಟ್ಟೆ ವ್ಯಾಪಾರಿಯ ಮಗನಾದ ಜೂರ್ದೇನನು ಕುಲೀನನಾಗಬೇಕೆಂದು ಗುರುಗಳನ್ನು ನೇಮಿಸಿಕೊಂಡಿದ್ದಾನೆ. ತತ್ತ್ವಶಾಸ್ತ್ರದ ಗುರುವು ಅವನಿಗೆ ಸ್ವರಗಳ ಉಚ್ಚಾರಣೆಯನ್ನು ಕಲಿಸುತ್ತಾನೆ. ಬಳಿಕ ಒಂದು ಪ್ರೇಮನಿವೇದನೆಯ ವಾಕ್ಯವನ್ನು ಐದು ಕ್ರಮಗಳಲ್ಲಿ ಜೋಡಿಸಿ, ಜೂರ್ದೇನನು ಮೊದಲು ಹೇಳಿದ ಕ್ರಮವೇ ಉತ್ತಮವೆಂದು ತೀರ್ಪು ಕೊಡುತ್ತಾನೆ. ಈ ಪಲ್ಲಟಗಳು ಯಾದೃಚ್ಛಿಕವಲ್ಲವೆಂಬುದು ಗಮನಾರ್ಹ. ಕರ್ಮಸ್ಥಾನದ ಸರ್ವನಾಮವು ಐದರಲ್ಲಿಯೂ ತನ್ನ ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ, ಸಂಬೋಧನೆಯೂ ಒಡೆಯುವುದಿಲ್ಲ. ಪದಗುಚ್ಛಗಳು ಸ್ಥಾನ ಬದಲಿಸುತ್ತವೆ; ವಿಶೇಷಣವು ಎರಡು ಬಾರಿ ನಾಮಪದದ ಹಿಂದಕ್ಕೆ ಸರಿಯುತ್ತದೆ. ಭಾಷೆಯು ಅಲುಗಾಡಿದರೂ ಮುರಿಯದ ಈ ಅಂಚಿನಲ್ಲಿಯೇ ಪ್ರೇಕ್ಷಕನು ನಗುತ್ತಾನೆ.

ಕನ್ನಡದಲ್ಲಿ ಈ ಅಂಚು ಬೇರೆಡೆ ಇದೆ. ಧಾರವಾಡ ಕನ್ನಡದ ಈ ವಾಕ್ಯಗಳನ್ನು ನೋಡಬಹುದು:

(1) ನಮ್ಮವ್ವ ನನಗ ಬಿಸಿ ರೊಟ್ಟಿ ಕೊಟ್ಟಾಳ್ರಿ.
(2) ಬಿಸಿ ರೊಟ್ಟಿ ನನಗ ನಮ್ಮವ್ವ ಕೊಟ್ಟಾಳ್ರಿ.
(3) ಕೊಟ್ಟಾಳ್ರಿ ನನಗ ನಮ್ಮವ್ವ ಬಿಸಿ ರೊಟ್ಟಿ.
(4) *ರೊಟ್ಟಿ ನಮ್ಮವ್ವ ಬಿಸಿ ನನಗ ಕೊಟ್ಟಾಳ್ರಿ.

ಮೊದಲ ಮೂರೂ ವ್ಯಾಕರಣಬದ್ಧ. ವ್ಯತ್ಯಾಸವಿರುವುದು ಒತ್ತಿನಲ್ಲಿ ಮಾತ್ರ. ವಿಭಕ್ತಿ ಹಾಗೂ ಕ್ರಿಯಾಪದದ ಪ್ರತ್ಯಯಗಳು ಸಂಬಂಧಗಳನ್ನು ಕಾಯುವುದರಿಂದ ಪದಗುಚ್ಛಗಳು ಸಲೀಸಾಗಿ ಚಲಿಸುತ್ತವೆ. ವಿಶೇಷಣವನ್ನು ನಾಮಪದದಿಂದ ಬೇರ್ಪಡಿಸಿದ (4) ಮಾತ್ರ ಕುಸಿಯುತ್ತದೆ. ಹಾಗೆಯೇ ಗೌರವಸೂಚಕ 'ರಿ'ಯು ಹಲವು ಪದಗಳಿಗೆ ಅಂಟಿಕೊಳ್ಳಬಲ್ಲದಾದರೂ ವಾಕ್ಯದ ಆದಿಯಲ್ಲಿ ಒಂಟಿಯಾಗಿ ನಿಲ್ಲಲಾರದು.

ಆದ್ದರಿಂದ ಮೋಲಿಯೇರನ ಪಲ್ಲಟಗಳನ್ನು ಹಾಗೆಯೇ ಅನುಕರಿಸುವ ಅನುವಾದವು ವಿಫಲವಾಗುತ್ತದೆ. ಕನ್ನಡದ ಕಿವಿಗೆ ಸಹಜವೆನಿಸುವ ಐದು ವಾಕ್ಯಗಳು ದೊರೆತು, ಗುರುವಿನ ತೀರ್ಪು ಕಾರಣವಿಲ್ಲದ ಅಧಿಕಾರವಾಣಿಯಾಗುತ್ತದೆ. ಮೂಲದ ಸ್ಥಾನಪಲ್ಲಟಕ್ಕಿಂತ ಮೂಲದ ಅಸಹಜತೆಗೆ ನಿಷ್ಠವಾಗಿರಬೇಕೆಂದರೆ, ಕನ್ನಡದ ಅನುವಾದಕನು ವಿಶೇಷಣ-ವಿಶೇಷ್ಯಗಳ ನಡುವೆಯೇ ಕತ್ತರಿ ಆಡಿಸಬೇಕು.

ಇದಕ್ಕಿಂತ ಜಟಿಲವಾದುದು 'ಗದ್ಯ'ದ ಪ್ರಸಂಗ. ನಲವತ್ತು ವರ್ಷಗಳಿಗೂ ಮಿಗಿಲಾಗಿ ತನಗರಿವಿಲ್ಲದೆಯೇ ಗದ್ಯವನ್ನು ಆಡುತ್ತಿದ್ದೇನೆಂದು ತಿಳಿದ ಜೂರ್ದೇನನು ಹಿಗ್ಗುತ್ತಾನೆ. ನಮ್ಮ ಶಾಲೆಗಳಲ್ಲಿ 'ಗದ್ಯ'ವೆಂದರೆ ಪುಸ್ತಕದ ಪಾಠ. ಮನೆಯಲ್ಲಿ 'ಹೋಗಾಕತ್ತೇನಿ' ಎನ್ನುವ ಮಗು ಉತ್ತರಪತ್ರಿಕೆಯಲ್ಲಿ 'ಹೋಗುತ್ತಿದ್ದೇನೆ' ಎಂದು ಬರೆಯಬೇಕು. ಆ ಮಗುವಿಗೆ ದೊರೆಯುವ ಅರಿವು ಜೂರ್ದೇನನದಕ್ಕೆ ತದ್ವಿರುದ್ಧ: ತಾನು ಈವರೆಗೆ ಆಡಿದ್ದು ಗದ್ಯವಾಗಿರಲಿಲ್ಲ, ತಿದ್ದಬೇಕಾದ ತಪ್ಪಾಗಿತ್ತು. ಮೂಲದಲ್ಲಿ ಹಿಗ್ಗಿಸುವ ಮಾತು ಇಲ್ಲಿ ಕುಗ್ಗಿಸುತ್ತದೆ. ಜೂರ್ದೇನನ ಪಾತ್ರಕ್ಕೆ ಧಾರವಾಡದ ಮಾತನ್ನು ಕೊಟ್ಟು ಗುರುವಿಗೆ ಗ್ರಾಂಥಿಕವನ್ನು ಕೊಟ್ಟರೆ ನಗೆ ಸುಲಭವಾಗಿ ಸಿಗುತ್ತದೆ. ಆದರೆ ಅದು ಉಪಭಾಷೆಯ ಮೇಲಿನ ನಗೆಯಾಗುವ ಅಪಾಯವಿದೆ. ಮೋಲಿಯೇರನು ಜೂರ್ದೇನನ ಮೌಢ್ಯವನ್ನು ನಕ್ಕರೂ, ಅವನ ಸಹಜ ವಾಕ್ಯಕ್ಕೆ ಗುರುವಿನ ಬಾಯಿಂದಲೇ ಮನ್ನಣೆ ಕೊಡಿಸಿದ್ದಾನೆಂಬುದನ್ನು ಮರೆಯಲಾಗದು.

ಈ ಮನ್ನಣೆಯಲ್ಲಿಯೇ ದೃಶ್ಯದ ಭಾಷಾವೈಜ್ಞಾನಿಕ ಸತ್ಯವಿದೆ: ಆಡುವವನ ವ್ಯಾಕರಣವು ಪಾಠಕ್ಕಿಂತ ಮೊದಲೇ ಸಿದ್ಧವಾಗಿರುತ್ತದೆ. ಮೇಲಿನ (4)ನ್ನು ತಪ್ಪೆಂದು ಗುರುತಿಸಲು ಧಾರವಾಡದ ಮಗುವಿಗೆ ಯಾವ ಪಠ್ಯವೂ ಬೇಕಿಲ್ಲ. ಗ್ರಾಂಥಿಕದಲ್ಲಿಯೇ ಬರೆಯಲಾದ ಈ ಲೇಖನವೂ ಆ ಮಗುವಿನ ತೀರ್ಪನ್ನೇ ಆಧರಿಸಿದೆ. ಕನ್ನಡದಲ್ಲಿ ಈ ನಾಟಕವನ್ನು ಬೋಧಿಸುವವರು ಗುರುವಿನ ಪಾಂಡಿತ್ಯವನ್ನು ನಕ್ಕು ಮುಗಿಸದೆ, ಶಿಷ್ಯನ ಮೊದಲ ವಾಕ್ಯದಿಂದಲೇ ಪಾಠವನ್ನು ಆರಂಭಿಸುವುದು ಉಚಿತ.