ಹಾರಿಹೋದ ಓತಿ, ಉಳಿದ ಮಂದಣ್ಣ

ಮಳೆಗಾಗಿ ಮುಗಿಲು ನೋಡುತ್ತ ಬೆಳೆದ ಮುಳಬಾಗಿಲಿನ ಕಡೆಯವನಾದ ನನಗೆ ಮಳೆಕಾಡು ದೂರದ ಮಾತು. ಆದರೂ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯನ್ನು ಈಚೆಗೆ ಮತ್ತೆ ಓದಿದೆ. ಮೊದಲ ಓದಿನಲ್ಲಿ ಸೆಳೆದದ್ದು ಹಾರುವ ಓತಿ. ಈ ಸಲ ಕಣ್ಣು ನಿಂತದ್ದು ಅದನ್ನು ಹುಡುಕುತ್ತ ಕಾಡಿನಲ್ಲಿ ಬೀಡುಬಿಟ್ಟವರ ಮೇಲೆ. ಅವರ ಅಲೆದಾಟವನ್ನು ತೇಜಸ್ವಿಯವರು ಸಾಹಸವೆಂದು ಉಬ್ಬಿಸುವುದಿಲ್ಲ. ಹಸಿವು, ಹರಟೆ, ಕಿತ್ತಾಟ ಎಲ್ಲಕ್ಕೂ ಅಲ್ಲಿ ಜಾಗವಿದೆ. ಓತಿಯ ಸುಳಿವು ಕೊಟ್ಟವನು ಪದವಿಯಿಲ್ಲದ ಮಂದಣ್ಣ. ಅವನ ಕಣ್ಣಿನ ಬೆಲೆಯನ್ನು ಅರಿತದ್ದೇ ವಿಜ್ಞಾನಿ ಕರ್ವಾಲೊ ಅವರ ದೊಡ್ಡತನ. ಕೃತಿಯ ತಿರುಳು ಇದೇ ಎಂದು ನನ್ನ ನಂಬಿಕೆ.

ಇದು ಬರಿಯ ಕಲ್ಪನೆಯೆನ್ನುವವರು ಆಗುಂಬೆಯತ್ತ ನೋಡಬೇಕು. ರೋಮುಲಸ್ ವಿಟೇಕರ್ ಅವರು ೨೦೦೫ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ತೆರೆದರು. ೨೦೦೮ರಿಂದ ಕಾಳಿಂಗ ಸರ್ಪದ ಮೈಯೊಳಗೆ ಪುಟ್ಟ ರೇಡಿಯೋ ಇರಿಸಿ, ಮಳೆ ಉಂಬಳಗಳ ನಡುವೆ ಅದರ ಜಾಡು ಹಿಡಿದು ನಡೆದರು. ಅಲ್ಲಿ ಕೆಲಸ ಮಾಡಿದ್ದ ಪಿ. ಗೌರಿಶಂಕರ ಮತ್ತು ಸಂಗಡಿಗರು ೨೦೨೪ರಲ್ಲಿ ಪಶ್ಚಿಮ ಘಟ್ಟದ ಈ ಹಾವು ಬೇರೆಯೇ ಪ್ರಭೇದವೆಂದು ತೋರಿಸಿ, ಶಾಸ್ತ್ರೀಯ ಹೆಸರಿಗೆ ನಮ್ಮ ‘ಕಾಳಿಂಗ’ ಎಂಬ ಮಾತನ್ನೇ ಆರಿಸಿಕೊಂಡರು. ಮಂದಣ್ಣನ ನುಡಿಗೆ ಇದಕ್ಕಿಂತ ಮನ್ನಣೆ ಬೇಕೆ?

ಒಂದು ಕೊರತೆಯನ್ನು ಹೇಳದಿರಲಾರೆ. ಕಾದಂಬರಿಯ ಬೀಡು ಕೆಲವೇ ದಿನಗಳದು. ಇಂಥ ಕೇಂದ್ರದ ಬದುಕು ವರ್ಷಗಳದು. ದಿನವೂ ಅಳೆದು ಬರೆದಿಡುವ, ಏನೂ ಕಾಣದೆ ಹಿಂದಿರುಗುವ ಬೇಸರಕ್ಕೆ ಇಲ್ಲಿ ಎಡೆ ಕಡಿಮೆ. ಕೊನೆಗೆ ಓತಿ ಪ್ರಪಾತಕ್ಕೆ ಹಾರಿ ಮರೆಯಾಗುತ್ತದೆ. ಕಾದಂಬರಿಕಾರರು ಅಲ್ಲಿಗೆ ನಿಲ್ಲಿಸಬಹುದು. ಸಂಶೋಧಕ ಮರುದಿನವೂ ಏಳಬೇಕು. ಆ ಮರುದಿನದ ಕತೆಯನ್ನು ಜಾಡು ಹಿಡಿಯುವ ಮಂದಣ್ಣನೇ ಕನ್ನಡದಲ್ಲಿ ಬರೆದರೆ, ನಮ್ಮ ಬಯಲುಸೀಮೆಯವರೂ ಕುಳಿತು ಓದಿಯಾರು.