ಅಮಿಗಾ 1200ರ ಹಾರ್ಡ್ ಡಿಸ್ಕ್ ಏಕೆ ನಿಧಾನ?

ಕಮೊಡೋರ್ ಸಂಸ್ಥೆ 1992ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ತಂದ ಅಮಿಗಾ 1200, ಇಡೀ ಯಂತ್ರವನ್ನು ಕೀಲಿಮಣೆಯ ಕವಚದೊಳಗೇ ಅಡಗಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಲ್ಲಿ ಅತ್ಯಂತ ಸಮರ್ಥವಾದವುಗಳ ಸಾಲಿಗೆ ಸೇರುತ್ತದೆ. 14 ಮೆಗಾಹರ್ಟ್ಸ್ ವೇಗದ ಮೊಟೊರೋಲಾ 68ಇಸಿ020 ಪ್ರೊಸೆಸರ್, 2 ಮೆಗಾಬೈಟ್ ಮೆಮೊರಿ ಮತ್ತು ಎರಡೂವರೆ ಅಂಗುಲದ ಹಾರ್ಡ್ ಡಿಸ್ಕನ್ನು ಒಳಗೇ ಜೋಡಿಸಲು ಬೇಕಾದ 44 ಪಿನ್‌ಗಳ ಐಡಿಇ ಸಂಪರ್ಕ ಅದರಲ್ಲಿದ್ದವು. ಇಂದಿಗೂ ಅದನ್ನು ಜೋಪಾನ ಮಾಡಿಕೊಂಡು ಬಂದಿರುವ ಆಸಕ್ತರಲ್ಲಿ ಪದೇ ಪದೇ ಕೇಳಿಬರುವ ದೂರು ಹಾರ್ಡ್ ಡಿಸ್ಕ್ ನಿಧಾನವೆಂಬುದು. ಅದಕ್ಕೆ ಹೆಚ್ಚಿನವರು ಮೊದಲು ಹುಡುಕುವ ಪರಿಹಾರ ಹೊಸ ಡಿಸ್ಕ್ ಅಥವಾ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್. ಈ ಯಂತ್ರದ ರಚನೆಯನ್ನು ಬಲ್ಲವರಿಗೆ ಅದು ಕೊನೆಗೆ ಕೈಹಾಕಬೇಕಾದ ಪರಿಹಾರವೆಂದು ಕಾಣುತ್ತದೆ, ಏಕೆಂದರೆ ಇಲ್ಲಿ ನಿಧಾನಗತಿಯ ಕಾರಣ ಬಹುಪಾಲು ಡಿಸ್ಕಿನ ಹೊರಗಿರುತ್ತದೆ.

ಪ್ರೊಸೆಸರ್‌ನ ನೆರವಿಲ್ಲದೆ ನಿಯಂತ್ರಕವೇ ದತ್ತಾಂಶವನ್ನು ನೇರವಾಗಿ ಮೆಮೊರಿಗೆ ಬರೆಯುವ ವ್ಯವಸ್ಥೆಗೆ ಡಿಎಂಎ ಎನ್ನುತ್ತಾರೆ. ಅಮಿಗಾ 500ಕ್ಕಾಗಿ 1989ರಲ್ಲಿ ಬಂದ ಎ590 ಡಿಸ್ಕ್ ಘಟಕದಲ್ಲಿಯೂ 1990ರ ಅಮಿಗಾ 3000ದಲ್ಲಿಯೂ ಆ ವ್ಯವಸ್ಥೆ ಇತ್ತು. ಬೆಲೆ ತಗ್ಗಿಸುವ ಒತ್ತಾಯದಲ್ಲಿ ಅಮಿಗಾ 1200ರ ವಿನ್ಯಾಸಕಾರರು ಅದನ್ನು ಕೈಬಿಟ್ಟು, ಗೇಲ್ ಎಂಬ ಚಿಪ್‌ನ ಮೂಲಕ ಸರಳ ಐಡಿಇ ಸಂಪರ್ಕವನ್ನಷ್ಟೇ ಒದಗಿಸಿದರು. ಹೀಗಾಗಿ ಡಿಸ್ಕಿನಿಂದ ಬರುವ ಪ್ರತಿ 16 ಬಿಟ್‌ಗಳನ್ನೂ ಪ್ರೊಸೆಸರ್ ತಾನೇ ಓದಿ ತಾನೇ ಮೆಮೊರಿಯಲ್ಲಿ ಇಡಬೇಕು. ಪಿಐಓ ಎಂದು ಕರೆಯಲಾಗುವ ಈ ವಿಧಾನದ ಅತ್ಯಂತ ನಿಧಾನದ ಹಂತದಲ್ಲೇ ಗೇಲ್ ಕೆಲಸ ಮಾಡುತ್ತದೆ. ಆ ಹಂತದ ಸೈದ್ಧಾಂತಿಕ ಮಿತಿ ಸೆಕೆಂಡಿಗೆ 3.3 ಮೆಗಾಬೈಟ್ ಆದರೂ, ಯಾವ ವಿಸ್ತರಣೆಯೂ ಇಲ್ಲದ ಯಂತ್ರದಲ್ಲಿ ದೊರೆಯುವುದು ಸುಮಾರು 1 ಮೆಗಾಬೈಟ್ ಮಾತ್ರ. ಕಾರ್ಡ್ ಎಷ್ಟೇ ವೇಗದ್ದಾಗಿದ್ದರೂ ಅದು ಪ್ರೊಸೆಸರ್‌ಗಾಗಿ ಕಾಯಲೇಬೇಕು.

ಆದ್ದರಿಂದ ಮೊದಲು ಪರಿಶೀಲಿಸಬೇಕಾದುದು ಮೆಮೊರಿಯನ್ನು. ಅಮಿಗಾ 1200ರೊಂದಿಗೆ ಬರುವ 2 ಮೆಗಾಬೈಟ್ ಪೂರ್ತಿಯಾಗಿ ಚಿಪ್ ಮೆಮೊರಿ, ಅಂದರೆ ಚಿತ್ರ ಮತ್ತು ಧ್ವನಿಯ ಚಿಪ್‌ಗಳೂ ಪ್ರೊಸೆಸರ್ ಕೂಡ ಹಂಚಿಕೊಂಡು ಬಳಸುವ ಮೆಮೊರಿ. ಒಂದೇ ಬಾವಿಗೆ ಎರಡು ಮನೆಯವರು ಕೊಡ ಇಳಿಸಿದಂತೆ, ಚಿತ್ರದ ಚಿಪ್ ತನ್ನ ಸರದಿ ಮುಗಿಸುವ ತನಕ ಪ್ರೊಸೆಸರ್ ನಿಂತೇ ಇರಬೇಕಾಗುತ್ತದೆ. ಪರದೆಯ ಬಣ್ಣಗಳು ಹೆಚ್ಚಿದಷ್ಟೂ ಚಿತ್ರದ ಚಿಪ್‌ನ ಬೇಡಿಕೆ ಹೆಚ್ಚುತ್ತದೆ, ವಿಜಿಎ ಮಾನಿಟರ್‌ಗಳಿಗೆಂದು ಬಳಸುವ ಇಮ್ಮಡಿ ರೇಖೆಗಳ ಪರದೆ ವಿಧಾನಗಳಲ್ಲಂತೂ ಅದು ಬಹಳವಾಗುತ್ತದೆ. ಅಮಿಗಾದ ಮುಖ್ಯ ಕೆಲಸದ ಪರದೆಯಾದ ವರ್ಕ್‌ಬೆಂಚನ್ನು 256 ಬಣ್ಣಗಳಿಂದ 4 ಬಣ್ಣಗಳಿಗೆ ಇಳಿಸಿ ಮತ್ತೊಮ್ಮೆ ವೇಗವನ್ನು ಅಳೆದಾಗ ಅಂಕಿ ಗಮನಾರ್ಹವಾಗಿ ಏರಿದರೆ, ತಡೆ ಇರುವುದು ಮೆಮೊರಿಯಲ್ಲಿಯೇ ಎಂದು ನಿಶ್ಚಯವಾಗಿ ತಿಳಿಯಬಹುದು. ಇದಕ್ಕೆ ನಿಜವಾದ ಪರಿಹಾರವೆಂದರೆ ಯಂತ್ರದ ತಳಭಾಗದ ವಿಸ್ತರಣೆಯ ಕಿಂಡಿಯಲ್ಲಿ ಫಾಸ್ಟ್ ಮೆಮೊರಿಯನ್ನು, ಅಂದರೆ ಪ್ರೊಸೆಸರ್‌ಗೆ ಮಾತ್ರ ಮೀಸಲಾದ 32 ಬಿಟ್ ಮೆಮೊರಿಯನ್ನು ಕೂರಿಸುವುದು. ಪ್ರೊಸೆಸರನ್ನು ಬದಲಿಸದೆ ಇದೊಂದನ್ನೇ ಮಾಡಿದರೂ ಯಂತ್ರದ ಒಟ್ಟಾರೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಮತ್ತು ಡಿಸ್ಕಿನ ವೇಗ ಸೆಕೆಂಡಿಗೆ ಸುಮಾರು 2 ಮೆಗಾಬೈಟ್‌ವರೆಗೆ ಏರುತ್ತದೆ. ಪಕ್ಕದ ಪಿಸಿಎಂಸಿಐಎ ಕಿಂಡಿಯಲ್ಲಿ ತೂರಿಸುವ ಮೆಮೊರಿ ಕಾರ್ಡ್ ಇದಕ್ಕೆ ಬದಲಿಯಾಗಲಾರದು, ಏಕೆಂದರೆ ಆ ದಾರಿ 16 ಬಿಟ್ ಅಗಲದ್ದು.

ಇಷ್ಟಾದ ಮೇಲೂ ನಿಧಾನವೆನಿಸಿದರೆ, ಯಾವ ಬಗೆಯ ನಿಧಾನವೆಂದು ಕೇಳಿಕೊಳ್ಳಬೇಕು. ದೊಡ್ಡ ಕಡತವೊಂದನ್ನು ಓದಲು ಹಿಡಿಯುವ ಹೊತ್ತು ಬೇರೆ, ನೂರಾರು ಸಣ್ಣ ಕಡತಗಳನ್ನು ಹುಡುಕಿ ತೆಗೆಯಲು ಹಿಡಿಯುವ ಹೊತ್ತು ಬೇರೆ. ಬಹಳಷ್ಟು ಜನ ನೆಚ್ಚಿಕೊಳ್ಳುವ ಸಿಸ್‌ಇನ್ಫೋ ತಂತ್ರಾಂಶ ಡಿಸ್ಕಿನಿಂದ ಸಾಲಾಗಿ ಓದುವ ವೇಗವನ್ನಷ್ಟೇ ತೋರಿಸುತ್ತದೆ. ಮೈಕೆಲ್ ಸಿನ್ಝ್ ಬರೆದ ಡಿಸ್ಕ್‌ಸ್ಪೀಡ್ ಮಾತ್ರ ಕಡತಗಳ ಸೃಷ್ಟಿ, ತೆರೆಯುವಿಕೆ, ಅಳಿಸುವಿಕೆ, ಡೈರೆಕ್ಟರಿಯ ಪರಿಶೀಲನೆ ಇವುಗಳನ್ನು ಬೇರೆ ಬೇರೆಯಾಗಿ ಅಳೆದು, ಚಿಪ್ ಮತ್ತು ಫಾಸ್ಟ್ ಮೆಮೊರಿಗಳಿಗೆ ಪ್ರತ್ಯೇಕ ಅಂಕಿಗಳನ್ನು ನೀಡುವುದರಿಂದ, ರೋಗನಿದಾನಕ್ಕೆ ಅದೇ ಸರಿಯಾದ ಸಾಧನ.

ಹುಡುಕಾಟದ ನಿಧಾನಕ್ಕೆ ಬಹುಪಾಲು ಕಡತ ವ್ಯವಸ್ಥೆಯೇ ಹೊಣೆ. ಫಾರ್ಮ್ಯಾಟ್ ಮಾಡುವಾಗ ಫಾಸ್ಟ್ ಫೈಲ್ ಸಿಸ್ಟಮ್ ಎಂಬ ಗುರುತನ್ನು ಹಾಕಲು ಮರೆತಿದ್ದರೆ ಡಿಸ್ಕ್ ಹಳೆಯ ವ್ಯವಸ್ಥೆಯಲ್ಲೇ ಉಳಿದಿರುತ್ತದೆ. ಅದರಲ್ಲಿ 512 ಬೈಟ್‌ಗಳ ಪ್ರತಿ ಬ್ಲಾಕ್‌ನಲ್ಲಿ 24 ಬೈಟ್‌ಗಳು ಲೆಕ್ಕಪತ್ರಕ್ಕೇ ಹೋಗಿ 488 ಮಾತ್ರ ದತ್ತಾಂಶಕ್ಕೆ ಉಳಿಯುವುದರಿಂದ, ಪ್ರತಿಯೊಂದು ಬ್ಲಾಕನ್ನೂ ಪ್ರೊಸೆಸರ್ ಬಿಡಿಸಿ, ತಾಳೆ ನೋಡಿ, ಜೋಡಿಸಬೇಕಾಗುತ್ತದೆ. ಫಾಸ್ಟ್ ಫೈಲ್ ಸಿಸ್ಟಮ್‌ಗೂ ತನ್ನದೇ ಮಿತಿಗಳಿವೆ. ಅದರಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ತಲೆಬ್ಲಾಕ್ ಇದ್ದು, ಅವು ಡಿಸ್ಕಿನ ತುಂಬ ಚದುರಿರುವುದರಿಂದ, ಡೈರೆಕ್ಟರಿಯ ಪಟ್ಟಿ ಬೇಕೆಂದಾಗ ಅವೆಲ್ಲವನ್ನೂ ಒಂದೊಂದಾಗಿ ಓದಬೇಕು. ವರ್ಕ್‌ಬೆಂಚ್‌ನ ಪ್ರತಿ ಚಿಹ್ನೆಯೂ ಸ್ವತಂತ್ರ ಕಡತವಾದ್ದರಿಂದ, ತುಂಬಿದ ಡ್ರಾಯರ್, ಅಂದರೆ ಡೈರೆಕ್ಟರಿಯ ಕಿಟಕಿ, ತೆರೆದಾಗ ಚಿಹ್ನೆಗಳು ಒಂದರ ಹಿಂದೊಂದು ನಿಧಾನವಾಗಿ ಮೂಡುತ್ತವೆ. ತಲೆಬ್ಲಾಕ್‌ನಲ್ಲಿ 72 ಬ್ಲಾಕ್‌ಗಳ ವಿಳಾಸಗಳಿಗೆ ಮಾತ್ರ ಜಾಗವಿದೆ, ಹೀಗಾಗಿ ಕಡತ 36 ಕಿಲೋಬೈಟ್ ದಾಟಿದೊಡನೆ ಮುಂದಿನ ವಿಳಾಸಗಳಿಗೆ ಮತ್ತೊಂದು ಬ್ಲಾಕನ್ನು ಓದಬೇಕು. ಬ್ಲಾಕ್‌ನ ಅಳತೆಯನ್ನು 1024 ಬೈಟ್‌ಗಳಿಗೆ ಏರಿಸಿದರೆ ವಿಳಾಸಗಳ ಸಂಖ್ಯೆ 200ಕ್ಕೆ ಏರಿ, ಆ ಹೆಚ್ಚುವರಿ ಓದಿನ ಅಗತ್ಯ 200 ಕಿಲೋಬೈಟ್‌ಗೊಮ್ಮೆ ಮಾತ್ರ ಬೀಳುತ್ತದೆ. ಅದಕ್ಕೆ ಮೊದಲು ಫಾರ್ಮ್ಯಾಟ್ ಇಲ್ಲದೆಯೇ ಮಾಡಬಹುದಾದ ಉಪಾಯವೆಂದರೆ, ಇತ್ತೀಚೆಗೆ ಓದಿದ ಬ್ಲಾಕ್‌ಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಬಫರ್‌ಗಳನ್ನು ಹೆಚ್ಚಿಸುವುದು. ವಾಡಿಕೆಯ 30 ಬಫರ್‌ಗಳೆಂದರೆ ಕೇವಲ 15 ಕಿಲೋಬೈಟ್. ಆ್ಯಡ್‌ಬಫರ್ಸ್ ಆದೇಶದಿಂದ ಅವನ್ನು 200ಕ್ಕೆ ಏರಿಸಿದರೆ 100 ಕಿಲೋಬೈಟ್ ವ್ಯಯವಾಗುತ್ತದೆ, ಫಾಸ್ಟ್ ಮೆಮೊರಿ ಇದ್ದಲ್ಲಿ ಅದು ಹೊರೆಯೇ ಅಲ್ಲ. ಮಿಖೀಲ್ ಪೆಲ್ಟ್ ರೂಪಿಸಿದ ಪಿಎಫ್‌ಎಸ್3 ಕಡತ ವ್ಯವಸ್ಥೆಗೆ ಬದಲಾಗುವುದು ಇವೆಲ್ಲಕ್ಕಿಂತ ಮೇಲಾದ ದಾರಿ. ಡೈರೆಕ್ಟರಿಯ ವಿವರಗಳನ್ನು ಅದು ಒಟ್ಟಾಗಿ ಇಡುವುದರಿಂದ ಪಟ್ಟಿ ಕೇಳಿದೊಡನೆ ಸಿಗುತ್ತದೆ. ಫಾಸ್ಟ್ ಫೈಲ್ ಸಿಸ್ಟಮ್‌ನದೇ ಡೈರೆಕ್ಟರಿ ಕ್ಯಾಶ್ ಆಯ್ಕೆಯನ್ನು ಹಾರ್ಡ್ ಡಿಸ್ಕಿಗೆ ಬಳಸದಿರುವುದೇ ಲೇಸು, ಅದರಿಂದ ಪಟ್ಟಿ ಬೇಗ ಬಂದರೂ ಬರೆಯುವ ಕೆಲಸ ಕುಂಟುತ್ತದೆ.

ಡಿಸ್ಕನ್ನು ವಿಭಾಗಿಸಲು ಬಳಸುವ ಎಚ್‌ಡಿಟೂಲ್‌ಬಾಕ್ಸ್ ತಂತ್ರಾಂಶದಲ್ಲಿ ಕಾಣುವ ಮಾಸ್ಕ್ ಮತ್ತು ಮ್ಯಾಕ್ಸ್‌ಟ್ರಾನ್ಸ್‌ಫರ್ ಎಂಬ ಎರಡು ಸಂಖ್ಯೆಗಳನ್ನೂ ಅಲಕ್ಷಿಸಬಾರದು. ಮೆಮೊರಿಯ ಯಾವ ಭಾಗಕ್ಕೆ ನೇರವಾಗಿ ದತ್ತಾಂಶ ತಲುಪಿಸಬಹುದೆಂದು ಮಾಸ್ಕ್ ಹೇಳುತ್ತದೆ. ಅದು 24 ಬಿಟ್ ವಿಳಾಸಗಳಿಗೆ ಸೀಮಿತವಾಗಿದ್ದು, ತಳಭಾಗದ ಕಿಂಡಿಯಲ್ಲಿ ಕೂರಿಸಿದ ವೇಗವರ್ಧಕ ಬೋರ್ಡಿನ ಮೆಮೊರಿ ಆ ಮಿತಿಯ ಆಚೆಗಿದ್ದರೆ, ಕಡತ ವ್ಯವಸ್ಥೆ ಒಂದೊಂದೇ ಬ್ಲಾಕನ್ನು ತನ್ನ ಬಫರ್‌ಗೆ ತಂದು ಅಲ್ಲಿಂದ ನಕಲಿಸಬೇಕಾಗುತ್ತದೆ. ಹೊಸ ಬೋರ್ಡ್ ಹಾಕಿದ ಮೇಲೆ ಡಿಸ್ಕ್ ಮೊದಲಿಗಿಂತ ನಿಧಾನವಾಯಿತೆಂಬ ಒಗಟಿಗೆ ಹಲವು ಬಾರಿ ಇದೇ ಉತ್ತರ. ಮ್ಯಾಕ್ಸ್‌ಟ್ರಾನ್ಸ್‌ಫರ್ ಎಂಬುದು ಒಂದು ಆದೇಶಕ್ಕೆ ಸಾಗಿಸಬಹುದಾದ ಗರಿಷ್ಠ ಬೈಟ್‌ಗಳ ಸಂಖ್ಯೆ. ಅದು ತೀರಾ ಕಡಿಮೆಯಿದ್ದರೆ ವೇಗ ಕುಸಿಯುತ್ತದೆ, ತೀರಾ ಹೆಚ್ಚಿದ್ದರೆ ದತ್ತಾಂಶವೇ ಕೆಡಬಹುದು. ಐಡಿಇಗೆ ಸುರಕ್ಷಿತವೆಂದು ಸಾಮಾನ್ಯವಾಗಿ ಒಪ್ಪಿರುವ 1ಎಫ್‌ಇ00 ಎಂಬ ಹದಿನಾರರ ಮೂಲದ ಸಂಖ್ಯೆ 130560 ಬೈಟ್‌ಗಳಿಗೆ, ಅಂದರೆ 255 ಸೆಕ್ಟರ್‌ಗಳಿಗೆ ಸಮ.

ಇವೆಲ್ಲ ಸರಿಯಿದ್ದ ಮೇಲಷ್ಟೇ ಡಿಸ್ಕನ್ನು ಶಂಕಿಸಬೇಕು. ಅಳೆದಾಗಲೆಲ್ಲ ಅಂಕಿ ಬದಲಾಗುತ್ತಿದ್ದರೆ, ಕೆಲವು ಜಾಗಗಳಲ್ಲಿ ಮಾತ್ರ ಡಿಸ್ಕ್ ತಡವರಿಸುತ್ತಿದ್ದರೆ, ದುರ್ಬಲವಾದ ಸೆಕ್ಟರ್‌ಗಳನ್ನು ಅದು ಮತ್ತೆ ಮತ್ತೆ ಓದಲು ಯತ್ನಿಸುತ್ತಿದೆಯೆಂದು ತಿಳಿಯಬೇಕು. ನಿಮಿಷಕ್ಕೆ 3600 ಸುತ್ತು ತಿರುಗುವ ಡಿಸ್ಕಿನಲ್ಲಿ ಅಂತಹ ಪ್ರತಿ ಯತ್ನಕ್ಕೂ ಸುಮಾರು 17 ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ. ಅಂತಹ ಡಿಸ್ಕಿನಿಂದ ದತ್ತಾಂಶವನ್ನು ಕೂಡಲೇ ಹೊರತೆಗೆಯಬೇಕು, ವೇಗದ ಪ್ರಶ್ನೆ ಆಮೇಲಿನದು. ಅದರ ಜಾಗಕ್ಕೆ ಕಾಂಪ್ಯಾಕ್ಟ್‌ಫ್ಲ್ಯಾಶ್ ತಂದರೆ ತಿರುಗುವ ತಟ್ಟೆಯೂ ಚಲಿಸುವ ತೋಳೂ ಇಲ್ಲದ ಕಾರಣ ಹುಡುಕಾಟ ಚುರುಕಾಗುತ್ತದೆ, ಆದರೆ ಗೇಲ್ ವಿಧಿಸಿದ ಸಾಗಣೆಯ ಮಿತಿ ಹಾಗೆಯೇ ಉಳಿಯುತ್ತದೆ.

ಬಫರ್, ಮಾಸ್ಕ್ ಮತ್ತು ಮ್ಯಾಕ್ಸ್‌ಟ್ರಾನ್ಸ್‌ಫರ್‌ಗಳನ್ನು ಬದಲಿಸಿದರೆ ಡಿಸ್ಕಿನಲ್ಲಿರುವುದೇನೂ ಅಳಿಯುವುದಿಲ್ಲ. ಬ್ಲಾಕ್‌ನ ಅಳತೆಯನ್ನಾಗಲಿ ಕಡತ ವ್ಯವಸ್ಥೆಯನ್ನಾಗಲಿ ಬದಲಿಸಿದರೆ ಮತ್ತೆ ಫಾರ್ಮ್ಯಾಟ್ ಮಾಡಲೇಬೇಕು, ಆಗ ಎಲ್ಲವೂ ಅಳಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರು ಇಡೀ ಡಿಸ್ಕನ್ನು ನಕಲು ಮಾಡಿಕೊಂಡು, ಪ್ರತಿ ವಿಭಾಗದ ಮೊದಲ ಮತ್ತು ಕೊನೆಯ ಸಿಲಿಂಡರ್ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪ್ರತಿ ಬಾರಿಯೂ ವೇಗವನ್ನು ಅಳೆಯಬೇಕು.