ಮಿತಾಕ್ಷರೆಯ ನಾಡಿಯೂ ಇಂದಿನ ನರಚಿಕಿತ್ಸೆಯೂ

ಪ್ರಾಚೀನ ಗ್ರಂಥಗಳಲ್ಲಿ ‘ನಾಡಿ’ ಎಂಬ ಶಬ್ದವು ಕಂಡೊಡನೆಯೇ ಅದಕ್ಕೆ ಇಂದಿನ ವೈದ್ಯರು ಹೇಳುವ ನರವೆಂದು ಅರ್ಥವನ್ನು ಕಲ್ಪಿಸಿ, ನೂತನ ಶೋಧನೆಗಳೆಲ್ಲವೂ ಪೂರ್ವಿಕರಿಗೆ ತಿಳಿದಿದ್ದುವೆಂದು ಸಾಧಿಸುವ ವಾಡಿಕೆಯುಂಟು. ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಉರಿಯೂತವನ್ನು ಹತೋಟಿಯಲ್ಲಿಡುವ ಚಿಕಿತ್ಸೆಯು ಪ್ರಸಿದ್ಧಿಗೆ ಬರುತ್ತಿರುವಾಗ ಈ ವಾಡಿಕೆಯ ಯುಕ್ತಾಯುಕ್ತತೆಯನ್ನು ವಿವೇಚಿಸುವುದು ಅವಶ್ಯಕವಾಗಿದೆ. ಅದಕ್ಕೆ ಕಲ್ಯಾಣದ ಗ್ರಂಥವೊಂದೇ ತಕ್ಕ ನಿದರ್ಶನವು.

ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ರಾಜಧಾನಿಯನ್ನು ಆಶ್ರಯಿಸಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ಪ್ರಮಾಣಗ್ರಂಥವೆಂದೇ ಇದು ಲೋಕವಿಖ್ಯಾತವಾದರೂ, ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವಿಸ್ತಾರವಾದ ಶಾರೀರವರ್ಣನೆಯಿದೆ. 360 ಅಸ್ಥಿಗಳು, 700 ಸಿರೆಗಳು, 900 ಸ್ನಾಯುಗಳು, 200 ಧಮನಿಗಳು, 500 ಪೇಶಿಗಳು ಎಂದು ಅಲ್ಲಿ ಗಣನೆಯಾಗಿದೆ. ಹೃದಯದಿಂದ 72,000 ನಾಡಿಗಳು ಹೊರಟಿವೆಯೆಂದೂ ಹೇಳಿದೆ.

ಈ ಗಣನೆಯು ಯತಿಧರ್ಮದ ಪ್ರಕರಣದಲ್ಲಿ ಬಂದಿದೆಯೆಂಬುದನ್ನು ಮರೆಯಲಾಗದು. ದೇಹವು ಅಸ್ಥಿರವೆಂದು ತಿಳಿದು ಆತ್ಮಧ್ಯಾನದಲ್ಲಿ ನಿಲ್ಲಬೇಕೆಂಬುದೇ ಅದರ ತಾತ್ಪರ್ಯ. ಚಿಕಿತ್ಸೆಯು ಅಲ್ಲಿನ ಉದ್ದೇಶವಲ್ಲ. ನಾಡಿಗಳ ಮೂಲವು ಅಲ್ಲಿ ಹೃದಯವೇ ಹೊರತು ಮೆದುಳಲ್ಲ. ಆದುದರಿಂದ ಈ ನಾಡಿಯನ್ನು ಇಂದಿನ ನರದೊಡನೆ ಒಂದಾಗಿಸುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಅನ್ಯಾಯವೆನ್ನಬೇಕು.

ಇಂದಿನ ಸಿದ್ಧಾಂತದ ಸ್ವರೂಪವೇ ಬೇರೆ. ವೇಗಸ್ ಎಂಬ ನರವು ಮೆದುಳಿನ ಕಾಂಡದಲ್ಲಿ ಹುಟ್ಟಿ, ಬೆನ್ನುಹುರಿಯನ್ನು ಪ್ರವೇಶಿಸದೆ, ಕುತ್ತಿಗೆಯ ಮಾರ್ಗವಾಗಿ ಎದೆ ಹೊಟ್ಟೆಗಳಿಗೆ ಇಳಿಯುವುದು. ಇದನ್ನು ಪ್ರಚೋದಿಸಿದರೆ ಇಲಿಗಳಲ್ಲಿ ಉರಿಯೂತವನ್ನು ಹೆಚ್ಚಿಸುವ ದ್ರವ್ಯವು ತಗ್ಗುವುದೆಂದು 2000ದಲ್ಲಿ ಪ್ರಕಟವಾಯಿತು. 2002ರಲ್ಲಿ ಕೆವಿನ್ ಟ್ರೇಸಿಯವರು ಇದಕ್ಕೆ ಉರಿಯೂತದ ಪ್ರತಿವರ್ತನೆಯೆಂದು ಹೆಸರಿಟ್ಟರು. 2025ರಲ್ಲಿ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಇಂತಹ ಸಾಧನವೊಂದಕ್ಕೆ ಸಂಧಿವಾತದ ವಿಷಯದಲ್ಲಿ ಅನುಮತಿಯಿತ್ತಿತು.

ಬೆನ್ನುಹುರಿಯ ಗಾಯಕ್ಕೆ ಇದು ಹಾಗೆಯೇ ಅನ್ವಯಿಸುವುದೆಂದು ಭಾವಿಸುವುದು ಎರಡನೆಯ ದೋಷ. ಪೆಟ್ಟು ಬಿದ್ದ ಕ್ಷಣದ ಹಾನಿಯಾದ ಮೇಲೆ ಉರಿಯೂತವು ದಿನಗಟ್ಟಲೆ ಮುಂದುವರಿದು ಉಳಿದ ತಂತುಗಳನ್ನು ಕೆಡಿಸುವುದು ನಿಜ; ಆದರೆ ಸತ್ತ ಭಾಗವನ್ನು ತೆಗೆದು ಶುದ್ಧಿಮಾಡುವುದೂ ಅದೇ. ಅಲ್ಲದೆ ಗುಲ್ಮಕ್ಕೆ ಹೋಗುವ ನರದ ಬೇರು ಬೆನ್ನುಹುರಿಯ ಎದೆಯ ಭಾಗದಲ್ಲಿದೆ. ಅದಕ್ಕೂ ಮೇಲೆ ಹುರಿ ಕಡಿದರೆ ಮೆದುಳಿನ ಹತೋಟಿ ತಪ್ಪಿ ರೋಗನಿರೋಧಶಕ್ತಿಯೇ ಕುಂದುವುದುಂಟು. ವೇಗಸ್ ನರದ ಆಜ್ಞೆಯು ಗುಲ್ಮವನ್ನು ಯಾವ ದಾರಿಯಿಂದ ಮುಟ್ಟುವುದೆಂಬುದೂ ವಿದ್ವಾಂಸರಲ್ಲಿ ವಿವಾದಗ್ರಸ್ತವಾಗಿದೆ. 2025ರಲ್ಲಿ ಕುತ್ತಿಗೆಯ ಭಾಗದಲ್ಲಿ ಹುರಿಗೆ ಅಪೂರ್ಣವಾದ ಗಾಯವಾಗಿದ್ದ 19 ಮಂದಿಯಲ್ಲಿ ಈ ಪ್ರಚೋದನೆಯಿಂದ ಕೈಯ ಚಲನೆ ಸುಧಾರಿಸಿತೆಂದು ಪ್ರಕಟವಾದುದು ಸಂತೋಷಕರ. ಆದರೆ ಅಲ್ಲಿ ಪ್ರಚೋದನೆಯನ್ನು ವ್ಯಾಯಾಮದೊಡನೆ ಜೋಡಿಸಿ ನರಗಳ ಹೊಸ ಸಂಬಂಧವನ್ನು ಬಲಪಡಿಸುವುದು ಗುರಿಯಾಗಿದ್ದಿತೇ ಹೊರತು ಉರಿಯೂತದ ಶಮನವಲ್ಲ.

ಇದು ಕೇವಲ ಶಬ್ದಾರ್ಥದ ಕಲಹವಲ್ಲ. ಪುಣೆ–ಹೈದರಾಬಾದು ಹೆದ್ದಾರಿಯು ಹುಮನಾಬಾದಿನ ಮೇಲೆಯೇ ಹಾಯುವುದು. ರಸ್ತೆಯ ಅಪಘಾತವೂ ಎತ್ತರದಿಂದ ಬೀಳುವುದೂ ಈ ಗಾಯಕ್ಕೆ ಮುಖ್ಯ ಕಾರಣಗಳು. ಅಲ್ಲಿನ ಆಡುಮಾತಿನಲ್ಲಿ ‘ನರ’ವೆಂದರೆ ರಕ್ತನಾಳವೂ ಹೌದು, ಸ್ನಾಯುವೂ ಹೌದು. ‘ನರಕ್ಕೆ ಪೆಟ್ಟಾಗಿದೆ’ ಎಂಬ ಮಾತನ್ನು ಕೇಳಿದ ಮನೆಯವರು ತಿಕ್ಕಿ ನೀವಿ ಸರಿಮಾಡಬಹುದೆಂದು ತಿಳಿದರೆ ತಪ್ಪು ಅವರದಲ್ಲ. ಬೆನ್ನುಮೂಳೆಯನ್ನು ಅಲುಗಿಸದಂತೆ ಗಾಯಗೊಂಡವನನ್ನು ಹಲಗೆಯ ಮೇಲೆ ಸಾಗಿಸಬೇಕಾದ ಹೊತ್ತಿನಲ್ಲಿ ಈ ಒಂದು ಶಬ್ದದ ಸಂದಿಗ್ಧತೆಯಿಂದ ಮನುಷ್ಯನ ಕಾಲುಗಳೇ ಹೋಗಬಹುದು.

ಆದುದರಿಂದ ನಾಡಿ, ಸಿರೆ, ಸ್ನಾಯು, ನರ, ಬೆನ್ನುಹುರಿ ಎಂಬಿವುಗಳಿಗೆ ಕನ್ನಡದಲ್ಲಿ ಒಂದೊಂದು ನಿಯತವಾದ ಅರ್ಥವನ್ನು ಗೊತ್ತುಪಡಿಸಿ ಬಳಕೆಗೆ ತರಬೇಕಾಗಿದೆ. ವಿಜ್ಞಾನೇಶ್ವರನು ಸ್ಮೃತಿಯ ಒಂದೊಂದು ಪದವನ್ನೂ ಬಿಡಿಸಿ ಅರ್ಥವನ್ನು ನಿರ್ಣಯಿಸಿದನು. ಆತನು ಕಾಣದುದನ್ನು ಆತನ ಮೇಲೆ ಹೊರಿಸುವುದಕ್ಕಿಂತ ಆ ಎಚ್ಚರವನ್ನು ಅನುಸರಿಸುವುದೇ ಕಲ್ಯಾಣದ ವಿದ್ವತ್ತಿಗೆ ತಕ್ಕ ಗೌರವವು.